ಲಾಯದ ಹಾಸು: ಮೂಟೆಯ ಬೆಲೆಯಲ್ಲ, ಹೀರುವ ಲೀಟರಿನ ಬೆಲೆ ನೋಡಿ

ದೊಡ್ಡ ಕುದುರೆಯೊಂದು ದಿನಕ್ಕೆ 15ರಿಂದ 20 ಕೆ.ಜಿ. ಲದ್ದಿ ಹಾಕುತ್ತದೆ, 5ರಿಂದ 10 ಲೀಟರ್ ಉಚ್ಚೆ ಹೊಯ್ಯುತ್ತದೆ. ಲದ್ದಿಯನ್ನು ಎತ್ತಿ ಹಾಕಿದರೆ ಮುಗಿಯಿತು. ಖರ್ಚು ಹೆಚ್ಚಿಸುವುದು ಉಚ್ಚೆ. ಅದು ಹಾಸಿನಲ್ಲಿ ಹೀರದೆ ನಿಂತರೆ ಬ್ಯಾಕ್ಟೀರಿಯಾಗಳು ಅದರ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ನಿಂತವರ ಮೂಗಿಗೆ ಬಡಿಯುವ ಮೊದಲೇ ಮಲಗಿದ ಕುದುರೆಯ ಶ್ವಾಸಕೋಶಕ್ಕೆ ಅದು ಹೋಗಿರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಂಡಿಯೂರಿ ಮೂಸಿ ನೋಡಿ. ಕಣ್ಣು ಉರಿದರೆ ಹಾಸು ಸೋತಿದೆ ಎಂದರ್ಥ.

ಆದ್ದರಿಂದ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಅರ್ಧ ಕೆ.ಜಿ. ಸರಕನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ. ಹದಿನೈದು ನಿಮಿಷ ನೇತುಹಾಕಿ ಸೋರಲು ಬಿಟ್ಟು ತೂಗಿ, ಒದ್ದೆ ಚೀಲದ ತೂಕ ಕಳೆಯಿರಿ. ಅರ್ಧ ಕೆ.ಜಿ. ಇದ್ದದ್ದು ಒಂದೂವರೆ ಕೆ.ಜಿ. ಆಗಿದ್ದರೆ ಒಂದು ಕೆ.ಜಿ. ಸರಕು ಎರಡು ಲೀಟರ್ ಹೀರುತ್ತದೆ. ಕೆ.ಜಿ. ಬೆಲೆಯನ್ನು ಆ ಅಂಕಿಯಿಂದ ಭಾಗಿಸಿ. ಉದಾಹರಣೆಗೆ, 8 ರೂಪಾಯಿಯ ಸರಕು ಎರಡು ಲೀಟರ್ ಹೀರಿದರೆ ಲೀಟರಿಗೆ 4 ರೂಪಾಯಿ ಬಿತ್ತು. 18 ರೂಪಾಯಿಯದು ಆರು ಲೀಟರ್ ಹೀರಿದರೆ ಮೂರೇ ರೂಪಾಯಿ. ಸಾಗಣೆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಭತ್ತದ ಹುಲ್ಲು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಬೆಚ್ಚಗಿರುತ್ತದೆ, ಬೇಗ ಗೊಬ್ಬರವಾಗುತ್ತದೆ. ಈಯುವ ಕುದುರೆಗೆ ಇದೇ ಸರಿ, ಏಕೆಂದರೆ ಪುಡಿ ಹಾಸು ಒದ್ದೆ ಮರಿಯ ಮೂಗಿಗೆ ಅಂಟುತ್ತದೆ. ಕೊಯ್ಲು ಮುಗಿದಾಗಲೇ ಕೊಂಡು, ನೆಲದಿಂದ ಗೇಣೆತ್ತರದ ಅಟ್ಟಣೆಯ ಮೇಲೆ ಮೆದೆ ಹಾಕಿ. ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲು ಪುಕ್ಕಟೆ ಸಿಕ್ಕರೂ ಬೇಡ. ಆ ಧೂಳಿಗೆ ಕೆಮ್ಮು, ಉಬ್ಬಸ ಖಚಿತ. ಕುದುರೆ ಹಾಸನ್ನೇ ಮೇಯುವುದು ಹುಲ್ಲಿನ ಇನ್ನೊಂದು ತೊಂದರೆ. ಒರಟು ಹುಲ್ಲು ಕರುಳಿನಲ್ಲಿ ಕಟ್ಟಿಕೊಂಡರೆ ಹೊಟ್ಟೆಶೂಲೆ. ಮೊದಲು ಮೇವು ಕೊಟ್ಟು ಆಮೇಲೆ ಹಾಸಿ. ಆಗಲೂ ಬಿಡದಿದ್ದರೆ ಹಾಸನ್ನೇ ಬದಲಿಸಿ. ರಾಗಿ ಹುಲ್ಲನ್ನಂತೂ ಹಾಸಬೇಡಿ, ಅದು ಮೇವು.

ಭತ್ತದ ಹೊಟ್ಟು ಅಗ್ಗವೆಂದು ಹಲವರು ಮೋಸ ಹೋಗುತ್ತಾರೆ. ಅದರ ಸಿಲಿಕಾ ತುಂಬಿದ ನುಣುಪು ಮೈ ನೀರನ್ನು ಹೀರುವುದೇ ಕಡಿಮೆ, ಉಚ್ಚೆ ನೇರ ನೆಲಕ್ಕಿಳಿಯುತ್ತದೆ. ಸಾಲದ್ದಕ್ಕೆ ಗೊರಸಿನಡಿ ಜಾರುತ್ತದೆ, ಕಣ್ಣಿಗೂ ಚುಚ್ಚುತ್ತದೆ. ಕಡಲೆಕಾಯಿ ಸಿಪ್ಪೆಗೆ ವಿಷಕಾರಿ ಬೂಷ್ಟಿನ ಭಯ. ಹೊಳೆ ಮರಳು ಮೇವಿನ ಜೊತೆ ಹೊಟ್ಟೆ ಸೇರುತ್ತದೆ.

ಮರದ ವಿಷಯದಲ್ಲಿ ಗರಗಸದ ನುಣ್ಣನೆ ಹುಡಿಗಿಂತ ಕೀಸಿದ ಸುರುಳಿ ಮೇಲು, ಧೂಳು ಕಡಿಮೆ. ಪ್ಲೈವುಡ್, ಎಂ.ಡಿ.ಎಫ್. (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ), ಔಷಧ ಹಚ್ಚಿದ ಮರ ಕೊಯ್ಯುವ ಕಡೆಯಿಂದ ತರಬೇಡಿ. ಮೂಟೆ ಸುರಿದ ಮೇಲೆ ದೊಡ್ಡ ಅಯಸ್ಕಾಂತವನ್ನು ಒಮ್ಮೆ ಆಡಿಸಿ. ಬಡಗಿ ಅಂಗಡಿಯ ಮೂಟೆಯಲ್ಲಿ ಮೊಳೆ ಇದ್ದೇ ಇರುತ್ತದೆ.

ಹೀರುವುದರಲ್ಲಿ ತೆಂಗಿನ ನಾರಿನ ಪುಡಿಗೆ ಸಾಟಿಯಿಲ್ಲ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಕುದುರೆ ಫಾರಂಗೆ ಹೆಸರಾದ ಕುಣಿಗಲ್ ಇರುವ ತುಮಕೂರು ಜಿಲ್ಲೆಯಲ್ಲೇ ತೆಂಗೂ ಹೇರಳ ಎನ್ನುವುದು ಅನುಕೂಲದ ಮಾತು. ಆದರೆ ತೋಟಗಾರಿಕೆಯ ಕೊಕೊಪೀಟ್ ಇಟ್ಟಿಗೆ (ಇದೇ ಪುಡಿಯನ್ನು ಒತ್ತಿ ಮಾಡಿದ್ದು) ತರುವವರು ಎಡವುವುದು ಇಲ್ಲೇ: ನೀರು ಹಾಕಿ ಅರಳಿಸಿದ ಇಟ್ಟಿಗೆಯ ಹೀರುವ ಶಕ್ತಿ ಆಗಲೇ ಖರ್ಚಾಗಿರುತ್ತದೆ. ಗೊಬ್ಬರ ಬೆರೆಸಿದ್ದಾದರೆ ಇನ್ನೂ ಕೆಟ್ಟದ್ದು. ನಾರಿನ ಕಾರ್ಖಾನೆಯಿಂದ ಬಿಡಿ ಪುಡಿ ತನ್ನಿ. ರಾಶಿಯ ಒಳಗೆ ಅದು ಒದ್ದೆಯಾಗೇ ಇರುತ್ತದೆ. ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ತಿರುವುತ್ತಾ ಎರಡು ಮೂರು ಬಿಸಿಲು ಒಣಗಿಸಿ. ಹಿಂಡಿದರೆ ಹನಿ ಬೀಳಬಾರದು, ಎರಚಿದರೆ ಧೂಳೂ ಏಳಬಾರದು.

ಇಡೀ ಲಾಯಕ್ಕೆ ಅದನ್ನೇ ತುಂಬಬೇಕಿಲ್ಲ. 12x12 ಅಡಿಯ ಲಾಯದಲ್ಲಿ ಉಚ್ಚೆ ಬೀಳುವ 6x8 ಅಡಿ ಜಾಗಕ್ಕೆ ಎರಡೂವರೆ ಅಂಗುಲ ಪುಡಿ ಹರಡಿ. 280 ಲೀಟರಿನಷ್ಟು ಬೇಕು, ಚೆನ್ನಾಗಿ ಒಣಗಿದ್ದರೆ ಮೂವತ್ತು ಕೆ.ಜಿ. ಆಸುಪಾಸು. ಗಂಡು ಸಾಮಾನ್ಯವಾಗಿ ಲಾಯದ ನಡುವೆ, ಹೆಣ್ಣು ಹಿಂಬದಿಗೆ ಹೊಯ್ಯುತ್ತದೆ; ಎರಡು ದಿನ ಗಮನಿಸಿ ಜಾಗ ಗುರುತಿಸಿ. ಅದರ ಮೇಲೂ ಉಳಿದೆಡೆಯೂ ತುಳಿದ ಮೇಲೆ ಐದಾರು ಅಂಗುಲ ನಿಲ್ಲುವಷ್ಟು ಹುಲ್ಲು ಹಾಸಿ, ಗೋಡೆಯಂಚಿಗೆ ಇನ್ನಷ್ಟು ಏರಿಸಿ. ಮುಷ್ಟಿಗೆ ನೆಲ ತಾಗಿದರೆ ಹಾಸು ಸಾಲದು.

ದಿನಾ ಲದ್ದಿ ತೆಗೆದು, ಒಣ ಹುಲ್ಲನ್ನು ಗೋಡೆಗೆ ಸರಿಸಿ, ಕಪ್ಪಾದ ಪುಡಿಯನ್ನಷ್ಟೇ ಗೋರಿ, ಅಷ್ಟೇ ಹೊಸದು ತುಂಬಿ. ಕುದುರೆ ಹೊರಗಿರುವಾಗ ನೆಲಕ್ಕೆ ಗಾಳಿಯಾಡಲಿ. ಒದ್ದೆಯಲ್ಲೇ ನಿಂತರೆ ಗೊರಸಿನಡಿಯ ಮೆತ್ತನೆ ಭಾಗ ಕೊಳೆತು ಕಪ್ಪು ರಸ ಬರುತ್ತದೆ. ವಾಸನೆಗೆ ಸುಣ್ಣ ಎರಚುವ ರೂಢಿ ಬಿಡಿ: ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಇನ್ನಷ್ಟು ಹೊರಬರುತ್ತದೆ, ಸುಟ್ಟ ಸುಣ್ಣ ಚರ್ಮವನ್ನೂ ಸುಡುತ್ತದೆ.

ತೆಗೆದ ಹಾಸನ್ನು ತಿಪ್ಪೆಗೆ ಹಾಕುವಾಗ ಬೇರೆ ಬೇರೆ ಇಡಿ. ಹುಲ್ಲು, ಲದ್ದಿ ಕೆಲವೇ ತಿಂಗಳಲ್ಲಿ ಕಳಿತು ಮಾರಾಟಕ್ಕೆ ಬರುತ್ತವೆ. ನಾರಿನ ಪುಡಿ, ಮರದ ಹುಡಿ ನಿಧಾನ. ಹಸಿಯಾಗಿ ಹೊಲಕ್ಕೆ ಹಾಕಿದರೆ ಬೆಳೆಯ ಸಾರಜನಕವನ್ನೇ ಕಸಿಯುತ್ತವೆ, ಅವಕ್ಕೆ ಪ್ರತ್ಯೇಕ ಗುಂಡಿ ಬೇಕು.