ಲೈನು ತುಂಬಿದೆ ಎಂದು ಹೇಳುವ ಮೊದಲು: ಗ್ರಿಡ್ ದಟ್ಟಣೆಗೊಂದು ಸಾಧನ ರೂಪಿಸುವ ಬಗೆ

ಜುಲೈ ತಿಂಗಳ ಒಂದು ಸಂಜೆ, ಮಲೆನಾಡಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಕುಳಿತಿದ್ದೆ. ಹೊರಗೆ ಜಡಿಮಳೆ. ಪರದೆಯ ಮೇಲೆ ಒಂದು ಲೈನಿನ ಹೊರೆ 112 ಮೆಗಾವ್ಯಾಟ್ ಎಂದು ಕಾಣುತ್ತಿತ್ತು. ಮುಕ್ಕಾಲು ಗಂಟೆ ಕಳೆದರೂ ಅದೇ 112. ಪಾಳಿಯಲ್ಲಿದ್ದ ಆಪರೇಟರ್ ಪರದೆಯತ್ತ ತಿರುಗಿಯೂ ನೋಡದೆ ಎದ್ದು ಹೋಗಿ, ಪ್ಯಾನೆಲ್ಲಿನ ಮೀಟರ್ ಓದಿ, ಲಾಗ್ ಪುಸ್ತಕದಲ್ಲಿ 148 ಎಂದು ಬರೆದರು. ‘ಅದು ಮಧ್ಯಾಹ್ನವೇ ನಿದ್ದೆ ಹೋಗಿದೆ’ ಎಂದರು.

ದಟ್ಟಣೆಯನ್ನು, ಅಂದರೆ ಲೈನು ಹೊರಬಲ್ಲದ್ದಕ್ಕಿಂತ ಹೆಚ್ಚು ವಿದ್ಯುತ್ ಅದರ ಮೇಲೆ ಬೀಳುವ ಸ್ಥಿತಿಯನ್ನು, ನಿಭಾಯಿಸುವ ಸಾಫ್ಟ್‌ವೇರ್ ಮಾಡುತ್ತೇವೆಂದು ಬರುವ ಎಂಜಿನಿಯರಿಂಗ್ ಹುಡುಗರಿಗೆ ನಾನು ಮೊದಲು ಹೇಳುವುದು ಈ 112ರ ಕಥೆಯನ್ನೇ. ಅವರು ಬಣ್ಣಬಣ್ಣದ ನಕ್ಷೆಯಿಂದ ಶುರು ಮಾಡುತ್ತಾರೆ. ನಕ್ಷೆ ಕೊನೆಗೆ ಬರಲಿ.

ಹಂತ 1: ಪ್ರಶ್ನೆ ಯಾರದು?

ರಾತ್ರಿ ಪಾಳಿಯವರಿಗೆ ಬೇಕಾದದ್ದು ಮೂರೇ ಉತ್ತರ: ಯಾವ ಲೈನು, ಎಷ್ಟು ಹೊತ್ತು, ಯಾರಿಗೆ ಫೋನ್ ಮಾಡಲಿ. ನಮ್ಮ ದೇಶದಲ್ಲಿ ವಿದ್ಯುತ್ತಿನ ವೇಳಾಪಟ್ಟಿ ನಡೆಯುವುದು 15 ನಿಮಿಷದ ತುಂಡುಗಳಲ್ಲಿ, ದಿನಕ್ಕೆ 96 ತುಂಡು. ಮುಂದಿನ ಕೆಲವು ತುಂಡುಗಳಲ್ಲಿ ಏನಾಗಲಿದೆ ಎಂದು ಹೇಳದ ಸಾಧನ, ಮಳೆ ಬಂದ ಮೇಲೆ ಕೊಡೆ ಮಾರಿದಂತೆ.

ಹಂತ 2: ಚಿಕ್ಕ ಪ್ರದೇಶ, ಚೊಕ್ಕ ಅಂಕಿ

ಇಡೀ ರಾಜ್ಯವನ್ನು ಮೈಮೇಲೆ ಹಾಕಿಕೊಳ್ಳಬೇಡಿ. ಶರಾವತಿ ಕಣಿವೆಯೇ ಸಾಕು. 103.5 ಮೆಗಾವ್ಯಾಟಿನ ಹತ್ತು ಘಟಕಗಳ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್, ಗೇರುಸೊಪ್ಪೆ 240, ಜೋಗದ ಮಹಾತ್ಮ ಗಾಂಧಿ ಕೇಂದ್ರ 139.2, ಲಿಂಗನಮಕ್ಕಿ ಅಣೆಕಟ್ಟಿನದು 55. ಒಂದೇ ನದಿಯ ಸುಮಾರು 1,470 ಮೆಗಾವ್ಯಾಟ್ ಕಾಡು ಗುಡ್ಡಗಳ ನಡುವಿನ ಲೈನುಗಳಲ್ಲೇ ಹೊರಗೆ ಬರಬೇಕು.

ಪ್ರತಿ ಲೈನಿನ ಉದ್ದ, ತಡೆ, ತಂತಿಯ ಜಾತಿ, ಮಿತಿ ಇವನ್ನು ಪಟ್ಟಿ ಮಾಡಿ. ಪ್ರತಿ ಅಳತೆಯ ಜೊತೆಗೆ ಅದು ಎಷ್ಟು ಹೊತ್ತಿನ ಹಿಂದಿನದು ಎಂಬುದೂ ಬರಲಿ. ನಿದ್ದೆ ಹೋದ ಅಂಕಿ ಬೂದು ಬಣ್ಣಕ್ಕೆ ತಿರುಗಲೇಬೇಕು. ಒಂದು ಬಸ್‌ಬಾರಿಗೆ, ಅಂದರೆ ಲೈನುಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಗೆ, ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ತಾಳೆಯಾಗದಿದ್ದರೆ ಯಾವುದೋ ಮೀಟರ್ ಸುಳ್ಳು ಹೇಳುತ್ತಿದೆ ಎಂದರ್ಥ. ಆ ಲೆಕ್ಕವನ್ನೂ ಸಾಧನವೇ ಮಾಡಲಿ. ಒಟ್ಟು ಶ್ರಮದ ಅರ್ಧ ಇಲ್ಲೇ ಹೋಗುತ್ತದೆ, ಬೇಸರಪಡಬೇಡಿ.

ಹಂತ 3: ಹರಿವಿನ ಲೆಕ್ಕ

ಅಡಿಕೆ ತೋಟದ ನೀರು ಬಸಿಗಾಲುವೆಗಳಲ್ಲಿ ಹಂಚಿಹೋಗುವುದು ಕಾಲುವೆಯ ಅಗಲ, ಇಳಿಜಾರು ನೋಡಿ. ತೋಟದ ಯಜಮಾನನನ್ನು ಕೇಳಿ ಅಲ್ಲ. ವಿದ್ಯುತ್ತೂ ಹಾಗೆಯೇ. ಒಂದು ಕೇಂದ್ರದಿಂದ ಒಂದೇ ಊರಿಗೆ ಎರಡು ಲೈನುಗಳಿವೆ, ಮೊದಲನೆಯದರ ತಡೆ ಎರಡನೆಯದರ ಅರ್ಧ ಎಂದುಕೊಳ್ಳಿ. 300 ಮೆಗಾವ್ಯಾಟ್ ಕಳಿಸಿದರೆ ಮೊದಲನೆಯದರಲ್ಲಿ 200, ಎರಡನೆಯದರಲ್ಲಿ 100 ಹರಿಯುತ್ತದೆ. 220 ಕೆವಿ (ಕಿಲೋವೋಲ್ಟ್) ಲೈನಿನಲ್ಲಿ 500 ಆಂಪಿಯರ್ ಎಂದರೆ ಸುಮಾರು 190 ಮೆಗಾವ್ಯಾಟ್; ಎರಡಕ್ಕೂ ಅದೇ ಮಿತಿ ಎನ್ನೋಣ. ಮೊದಲನೆಯದು ಹತ್ತು ಮೀರಿತು, ಎರಡನೆಯದರಲ್ಲಿ ಇನ್ನೂ 90 ಜಾಗವಿದೆ. ಆದರೂ ಆ ಜಾಗ ನಮಗೆ ದಕ್ಕುವುದಿಲ್ಲ. ಮೊದಲನೆಯದರಲ್ಲಿ 10 ಇಳಿಯಬೇಕೆಂದರೆ ಉತ್ಪಾದನೆಯಲ್ಲಿ 15 ಕಡಿಯಬೇಕು. ಯಾವ ಕೇಂದ್ರದಲ್ಲಿ ಎಷ್ಟು ಕಡಿದರೆ ಯಾವ ಲೈನಿಗೆ ಎಷ್ಟು ಉಸಿರು ಎಂಬ ಈ ಅನುಪಾತಗಳ ಕೋಷ್ಟಕವೇ ಸಾಧನದ ಹೃದಯ.

ಹಂತ 4: ಒಂದು ಬಿದ್ದರೆ?

285 ಮೆಗಾವ್ಯಾಟಿಗೆ ಇಳಿಸಿದಿರಿ, ಪರದೆ ಹಸಿರಾಯಿತು. ಆಗ ಮೊದಲನೆಯ ಲೈನಿನ ಮೇಲೆ ಮರ ಬಿದ್ದರೆ ಇಡೀ 285 ಎರಡನೆಯದರ ತಲೆಗೆ. ಅದೂ ಟ್ರಿಪ್, ಅಂದರೆ ಹೊರೆ ತಾಳದೆ ತಾನಾಗಿ ಸಂಪರ್ಕ ಕಡಿದುಕೊಳ್ಳುತ್ತದೆ. ಅಂದರೆ ನಿಜವಾದ ಸುರಕ್ಷಿತ ಮಿತಿ 190 ಮಾತ್ರ. ಪ್ರತಿ ಲೈನನ್ನೂ ಒಂದೊಂದಾಗಿ ಲೆಕ್ಕದಲ್ಲೇ ಬೀಳಿಸಿ ನೋಡದ ಸಾಧನ ಇಲ್ಲದಿರುವುದೇ ಮೇಲು. 2012ರ ಜುಲೈ 30ರಂದು ಉತ್ತರದ ಗ್ರಿಡ್ ಕುಸಿಯಲು ತೊಡಗಿದ್ದು ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆದಾಗ. ನಮ್ಮ ದಕ್ಷಿಣದ ಗ್ರಿಡ್ ಆಗಿನ್ನೂ ಅದರ ಜೊತೆ ಬೆಸೆದುಕೊಂಡಿರಲಿಲ್ಲ, ಬಚಾವಾದೆವು. 2013ರ ಡಿಸೆಂಬರ್ 31ರಿಂದ ಆ ನೆಪವೂ ಇಲ್ಲ.

ಹಂತ 5: ಹವಾಮಾನ

ತಂತಿ ಕಾದರೆ ಜೋಲುತ್ತದೆ, ನೆಲದಿಂದ ಇರಬೇಕಾದ ಅಂತರ ಕಡಿಮೆಯಾಗುತ್ತದೆ. ಮಿತಿ ಇರುವುದು ಬಹುಮಟ್ಟಿಗೆ ಅದಕ್ಕೇ. ಏಪ್ರಿಲ್ ಮಧ್ಯಾಹ್ನ ಗಾಳಿಯಿಲ್ಲದಾಗಿನ ಮಿತಿಯೇ ಜುಲೈ ಸಂಜೆಯ ಗಾಳಿಮಳೆಗೂ ಎನ್ನುವುದು ಅತಿಜಾಗ್ರತೆ. ಆದರೆ ಮಲೆನಾಡಿನ ತಮಾಷೆ ನೋಡಿ: ತಂತಿ ಹೆಚ್ಚು ಹೊರಲು ಸಿದ್ಧವಾಗುವ ಹೊತ್ತಿಗೇ ಮರ ಬೀಳುವ ಭಯವೂ ಹೆಚ್ಚುತ್ತದೆ. ಆದ್ದರಿಂದ ಮಿತಿ ಸಡಿಲಿಸುವ ಲೆಕ್ಕವನ್ನೂ ನಾಲ್ಕನೆಯ ಹಂತದ ಲೆಕ್ಕವನ್ನೂ ಒಟ್ಟಿಗೇ ನಡೆಸಿ, ಬೇರೆ ಬೇರೆ ಅಲ್ಲ.

ಹಂತ 6: ಪರಿಹಾರದ ಪಟ್ಟಿ

ಮೊದಲು ಸ್ವಿಚ್‌ಗಳ ಜೋಡಣೆ ಬದಲಿಸಿ ಹರಿವು ತಿರುಗಿಸುವುದು, ಆಮೇಲೆ ಉತ್ಪಾದನೆಯ ಮರುಹಂಚಿಕೆ, ಕಟ್ಟಕಡೆಗೆ ಲೋಡ್ ಶೆಡ್ಡಿಂಗ್. ಜಲವಿದ್ಯುತ್ ಘಟಕವನ್ನು ನಿಮಿಷಗಳಲ್ಲಿ ಏರಿಸಿ ಇಳಿಸಬಹುದು, ಹಾಗಾಗಿ ಎಲ್ಲರ ಕಣ್ಣೂ ಶರಾವತಿಯ ಮೇಲೆ. ಬೇಸಿಗೆಯಲ್ಲಿ ಇಳಿಸಿದರೆ ನೀರು ಅಣೆಕಟ್ಟಿನಲ್ಲೇ ಉಳಿಯುತ್ತದೆ. ಲಿಂಗನಮಕ್ಕಿ 1,819 ಅಡಿ ತುಂಬಿದ್ದಾಗ ಇಳಿಸಿದರೆ ಅದೇ ನೀರು ಗೇಟಿನಿಂದ ಜೋಗಕ್ಕೆ ಧುಮುಕುತ್ತದೆ: ಪ್ರವಾಸಿಗರಿಗೆ ಹಬ್ಬ, ವಿದ್ಯುತ್ತಿನ ಲೆಕ್ಕದಲ್ಲಿ ಸೊನ್ನೆ. ಸಾಧನಕ್ಕೆ ಅಣೆಕಟ್ಟಿನ ಮಟ್ಟವೂ ಗೊತ್ತಿರಬೇಕು.

ಹಂತ 7: ಒಂದು ಮಳೆಗಾಲ ಸುಮ್ಮನೆ ಕೂರಿಸಿ

ಸಾಧನ ಓದಲಿ, ಯಾವ ಸ್ವಿಚ್ಚನ್ನೂ ಮುಟ್ಟದಿರಲಿ. ಲಾಗ್ ಪುಸ್ತಕದ ಬದಿಯಲ್ಲಿ ಎರಡು ಅಂಕಣ ಎಳೆಯಿರಿ: ಸಾಧನ ಹೇಳಿದ್ದು, ಆಪರೇಟರ್ ಮಾಡಿದ್ದು. ಎರಡೂ ಬೇರೆಯಾದ ದಿನ ಕಾರಣವನ್ನು ಅವರ ಮಾತಿನಲ್ಲೇ ಬರೆಸಿಕೊಳ್ಳಿ. ‘ಹುಲಿಕಲ್ ಘಾಟಿಯಲ್ಲಿ ಗ್ಯಾಂಗ್ ಮರ ಕಡಿಯುತ್ತಿದೆ, ಆ ಲೈನಿಗೆ ಹೊರೆ ಹಾಕಲಾರೆ’ ಎಂಬಂಥ ಸಾಲು ಸಿಕ್ಕರೆ, ಮುಂದಿನ ಆವೃತ್ತಿಯಲ್ಲಿ ಗ್ಯಾಂಗ್ ಎಲ್ಲಿದೆ ಎಂದು ತುಂಬಲು ಒಂದು ಚೌಕ ಸೇರಿಸಿ.