ಹನ್ನೊಂದಕ್ಕೆ ಹೊರಟವರು, ಎರಡಕ್ಕೆ ಬರುವವರು

ನಮ್ಮ ಕಡೆ ಕಾಫಿ ಕೊಯ್ಲು ಶುರುವಾಯಿತೆಂದರೆ ಮನೆಗೆಲಸಕ್ಕೆ ಯಾರೂ ಸಿಗುವುದಿಲ್ಲ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಕಾದಿರುತ್ತದೆ. ತೋಟದಲ್ಲಿ ಕೈತುಂಬ ಕೂಲಿ ಸಿಗುವಾಗ ನನ್ನ ಬಚ್ಚಲು ತಿಕ್ಕಲು ಯಾರು ಬರುತ್ತಾರೆ, ಯಾಕಾದರೂ ಬರಬೇಕು? ಬೆಂಗಳೂರಿನವರಿಗೆ ಮಲೆನಾಡು ನೆನಪಾಗುವುದೂ ಸರಿಯಾಗಿ ಆಗಲೇ. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಸಂಕ್ರಾಂತಿ. ಹಾಗಾಗಿ ಸಕಲೇಶಪುರದ ಹತ್ತಿರದ ನಮ್ಮ ಹಳೇ ಹಂಚಿನ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದಾಗಿನಿಂದ ಶುಚಿಯ ಕೆಲಸ ನನ್ನ ಪಾಲಿಗೇ ಬಂದಿದೆ. ವಯಸ್ಸು 67. ಮಂಡಿ ಸ್ವಲ್ಪ ನೋಯುತ್ತದೆ, ಮೂಗು ಮಾತ್ರ ಚುರುಕಾಗಿದೆ.

ಹೋದ ತಿಂಗಳು ತಂಗಿಯ ಮಗಳು ಕಳಸದಿಂದ ಫೋನ್ ಮಾಡಿದ್ದಳು. ಅವಳೂ ಒಂದು ಕೋಣೆ ಶುರುಮಾಡಿದ್ದಾಳೆ. "ದೊಡ್ಡಮ್ಮ, ಹನ್ನೊಂದಕ್ಕೆ ಒಬ್ಬರು ಹೋಗ್ತಾರೆ, ಎರಡಕ್ಕೆ ಇನ್ನೊಬ್ಬರು ಬರ್ತಾರೆ. ಮಧ್ಯೆ ಎಲ್ಲಿಂದ ಶುರು ಮಾಡೋದು ಅಂತಲೇ ಗೊತ್ತಾಗಲ್ಲ" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮನೆ ಗುಡಿಸಿ ಒರೆಸುವುದು ಎಲ್ಲರಿಗೂ ಬರುತ್ತದೆ. ಇದು ಬೇರೆ ಕೆಲಸ. ನಮ್ಮ ಮನೆಯಲ್ಲಿ ನಮ್ಮದೇ ತಲೆಗೂದಲು ದಿಂಬಿನ ಮೇಲೆ ಸಿಕ್ಕರೆ ಎತ್ತಿ ಬಿಸಾಡುತ್ತೇವೆ. ಗುರುತಿಲ್ಲದವರ ಕೂದಲು ಒಂದೇ ಒಂದು ಸಿಕ್ಕರೂ ದುಡ್ಡು ಕೊಟ್ಟು ಬಂದವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಹಿಂದೆ ಇದ್ದವರ ಸುಳಿವು ಮುಂದೆ ಬಂದವರಿಗೆ ಹತ್ತಬಾರದು. ಲೆಕ್ಕ ಇಷ್ಟೇ.

ಕೋಣೆಗೆ ಕಾಲಿಟ್ಟ ಕೂಡಲೇ ಪೊರಕೆ ಹಿಡಿಯಬೇಡಿ. ಮೊದಲು ಮೂಗಿನಿಂದ ಉಸಿರೆಳೆದು ನೋಡಿ. ಸಿಗರೇಟಾ, ಸೊಳ್ಳೆ ಬತ್ತಿಯಾ, ಮುಗ್ಗಲಾ, ರಾತ್ರಿ ತಂದು ತಿಂದ ಬಿರಿಯಾನಿಯಾ ಅಂತ ಆಗಲೇ ತಿಳಿಯುತ್ತದೆ. ಐದು ನಿಮಿಷ ಒಳಗಿದ್ದರೆ ಮೂಗು ಒಗ್ಗಿಹೋಗಿ ಆಮೇಲೆ ಏನೂ ಗೊತ್ತಾಗುವುದಿಲ್ಲ. ನಂತರ ಕಿಟಕಿ ಬಾಗಿಲೆಲ್ಲ ತೆಗೆದು, ಫ್ಯಾನ್ ಹಾಕಿ, ಸೀದಾ ಬಚ್ಚಲಿಗೆ ಹೋಗಿ ಕಮೋಡಿಗೆ ಕ್ಲೀನರ್ ಸುರಿದು ಬನ್ನಿ. ನೀವು ಹಾಸಿಗೆ ಬಿಚ್ಚುವಷ್ಟು ಹೊತ್ತು ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿರಲಿ. ಸುರಿದ ಕೂಡಲೇ ತಿಕ್ಕುವವರು ಕ್ಲೀನರಿನ ಕೆಲಸವನ್ನು ತಾವೇ ತೋಳಿನಿಂದ ಮಾಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಮೋಡಿನ ಕ್ಲೀನರ್ ಆ್ಯಸಿಡ್. ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. "ಎರಡೂ ಹಾಕಿದರೆ ಡಬಲ್ ಕ್ಲೀನ್" ಅಂದುಕೊಂಡು ಶುರುವಿನಲ್ಲಿ ನಾನೊಮ್ಮೆ ಹಾಕಿದ್ದೆ. ಕಣ್ಣು ಉರಿದು, ಉಸಿರು ಕಟ್ಟಿ, ಅಂಗಳಕ್ಕೆ ಓಡಿ ಬಂದು ತೆಂಗಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತಿದ್ದೆ. ಈಗ ಅವೆರಡನ್ನೂ ಒಂದೇ ಕಪಾಟಿನಲ್ಲೂ ಇಡುವುದಿಲ್ಲ. ಹಳ್ಳಿಮನೆಯವರು ಇನ್ನೊಂದನ್ನೂ ನೆನಪಿಡಬೇಕು. ನಮ್ಮಲ್ಲಿ ಇರುವುದು ಸೆಪ್ಟಿಕ್ ಗುಂಡಿ. ಅದು ನಡೆಯುವುದೇ ಒಳಗಿನ ಬ್ಯಾಕ್ಟೀರಿಯಾದಿಂದ. ದಿನಾ ಮಗ್ಗಟ್ಟಲೆ ಫಿನಾಯಿಲ್, ಬ್ಲೀಚ್ ಸುರಿದರೆ ಅವು ಸತ್ತು ಗುಂಡಿಯೇ ನಾರುತ್ತದೆ. ಒಂದಿಷ್ಟೇ ಕ್ಲೀನರ್, ಒಳ್ಳೆಯ ಬ್ರಷ್ಷು, ಧಾರಾಳ ನೀರು, ಸಾಕು.

ಹಾಸಿಗೆಯ ವಿಷಯವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಬೆಡ್‌ಶೀಟನ್ನು ಕೊಡವಿ ಎಳೆಯಬೇಡಿ. ನಾಲ್ಕು ಮೂಲೆಯಿಂದ ಒಳಕ್ಕೆ ಮಡಚುತ್ತಾ ಗಂಟು ಮಾಡಿ ಎತ್ತಿ. ಕೂದಲು, ಬಿಸ್ಕತ್ತಿನ ಪುಡಿ ನೆಲಕ್ಕೆ ಚೆಲ್ಲುವುದಿಲ್ಲ. ಎತ್ತುವ ಮೊದಲು ದಿಂಬಿನ ಕವರಿನೊಳಗೆ ಕೈ ಹಾಕಿ ನೋಡುವುದು ನನ್ನ ರೂಢಿ. ಓಲೆ, ಮೂಗುತಿಯ ತಿರುಪು, ಒಮ್ಮೆ ಒಂದು ಮಾಂಗಲ್ಯದ ಗುಂಡು, ಎಲ್ಲ ಸಿಕ್ಕಿದೆ. ಸಿಕ್ಕಿದ ಕೂಡಲೇ ಫೋಟೋ ತೆಗೆದು ಅವರಿಗೆ ಕಳಿಸಿಬಿಡಿ. ಅವರು ಫೋನ್ ಮಾಡಿ ಕೇಳಲಿ ಅಂತ ಕಾಯಬೇಡಿ.

ಶೀಟು ತೆಗೆದ ಮೇಲೆ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ ಸಾಲನ್ನು, ಮಂಚದ ತಲೆಭಾಗದ ಸಂದಿಯನ್ನು ನೋಡಿ. ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಂಡರೆ ತಿಗಣೆ. ತಿಗಣೆ ಕೊಳಕಿನಿಂದ ಬರುವುದಲ್ಲ, ಬ್ಯಾಗಿನಲ್ಲಿ ಕೂತು ಬರುತ್ತದೆ, ಯಾರನ್ನೂ ಬಯ್ದು ಪ್ರಯೋಜನವಿಲ್ಲ. ಕಂಡ ದಿನ ಕೋಣೆ ಕೊಡಬೇಡಿ. ನಾನು ಒಮ್ಮೆ ಎರಡು ಬುಕಿಂಗ್ ರದ್ದು ಮಾಡಿದೆ. ಯಜಮಾನರು "ಒಂದು ಸ್ಪ್ರೇ ಹೊಡೆದು ಕೊಟ್ಟುಬಿಡೋಣ" ಅಂದರು. ಅವರ ಮಾತು ಕೇಳಿದ್ದರೆ ಬಂದವರು ಅದನ್ನು ತಮ್ಮ ಮನೆಗೂ ಹೊತ್ತುಕೊಂಡು ಹೋಗುತ್ತಿದ್ದರು. ಬಟ್ಟೆಯನ್ನೆಲ್ಲ ಮೆಷಿನ್ನಿನಲ್ಲಿ 60 ಡಿಗ್ರಿ ನೀರಿಗೆ ಹಾಕಬೇಕು, ಮಂಚವನ್ನು ಬಿಚ್ಚಿ ಸಂದಿಸಂದಿಗೂ ಔಷಧಿ ಹೊಡೆಯುವವರನ್ನು ಕರೆಸಬೇಕು. ಅಂದಿನಿಂದ ಕೋಣೆಯಲ್ಲಿ ಎತ್ತರದ ಒಂದು ಮಣೆ ಇಟ್ಟಿದ್ದೇನೆ, ಬ್ಯಾಗನ್ನು ಹಾಸಿಗೆಯ ಮೇಲೆ ಇಡಬಾರದು ಅಂತ.

ಹೊದಿಕೆ ಎಷ್ಟು ಜೊತೆ ಬೇಕು ಅಂತ ಅವಳು ಕೇಳಿದಳು. ಬೇಸಿಗೆಯಲ್ಲಿ ಒಂದು ಮಂಚಕ್ಕೆ ಮೂರು: ಒಂದು ಹಾಸಿದ್ದು, ಒಂದು ಒಗೆಯಲು ಹಾಕಿದ್ದು, ಒಂದು ಕಪಾಟಿನಲ್ಲಿ. ಮಲೆನಾಡಿನ ಮಳೆಗಾಲಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಜುಲೈಯಲ್ಲಿ ಹಚ್ಚಡ ಒಣಗಲು ಮೂರು ದಿನ ಬೇಕು, ಆಗ ಐದು ಜೊತೆಯಿದ್ದರೂ ಕಡಿಮೆಯೇ. ಅರೆ ಒಣಗಿದ್ದನ್ನು ಮಡಚಿಟ್ಟರೆ ಮುಗ್ಗಲು ಹಿಡಿಯುತ್ತದೆ, ಆ ವಾಸನೆಯನ್ನು ಯಾವ ಸೆಂಟೂ ಮುಚ್ಚುವುದಿಲ್ಲ. ಬಿಳಿ ಹತ್ತಿಯೇ ಇರಲಿ ಅನ್ನುವವಳು ನಾನು. ಹೂವಿನ ಚಿತ್ರದ ಶೀಟಿನಲ್ಲಿ ಕಲೆ ಅಡಗುತ್ತದೆ ಅನ್ನುತ್ತಾರೆ. ಅಡಗುವುದು ನಮಗೆ ಮಾತ್ರ, ಅದರ ಮೇಲೆ ಮಲಗುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಕಲೆಗಳಲ್ಲಿ ನಮ್ಮ ಕಡೆಯ ವಿಶೇಷ ಇಂಬಳದ್ದು, ಅಂದರೆ ಜಿಗಣೆಯದ್ದು. ಮಳೆಗಾಲದಲ್ಲಿ ತೋಟ ಸುತ್ತಿ ಬಂದವರ ಕಾಲಿಗೆ ಕಚ್ಚಿರುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಗಾಯ ಗಂಟೆಗಟ್ಟಲೆ ಒಸರುತ್ತದೆ, ಬೆಳಗಾಗುವಾಗ ಶೀಟಿನ ಕಾಲ್ದೆಸೆ ಕೆಂಪು. ಕಂಡವರಿಗೆ ಗಾಬರಿ. ರಕ್ತದ ಕಲೆಗೆ ಬಿಸಿನೀರು ಮುಟ್ಟಿಸಬೇಡಿ, ಬಿಸಿಗೆ ಅದು ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಬಾರ್ ಸೋಪು ಹಚ್ಚಿ ತಿಕ್ಕಿ. ಅರಿಶಿನದ ಕಲೆ ಇದಕ್ಕೆ ತದ್ವಿರುದ್ಧ. ಸೋಪು ತಾಗಿದ ಕೂಡಲೇ ಕೆಂಪಗಾಗುತ್ತದೆ, ಹಾಳಾಯಿತು ಅಂದುಕೊಳ್ಳಬೇಡಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು, ಎರಡು ದಿನದಲ್ಲಿ ತಾನಾಗಿ ಮಾಸುತ್ತದೆ. ಹೊಸ ಜೋಡಿಗಳ ಮೆಹಂದಿಗೆ ಮಾತ್ರ ನಾನು ಸೋತಿದ್ದೇನೆ. ಅದು ಬಟ್ಟೆಗೇ ಬಣ್ಣ ಹಾಕಿದಂತೆ. ಈಗ ಮದುವೆಯಾದ ವಾರದಲ್ಲಿ ಬರುವವರ ದಿಂಬಿಗೆ ಕಡು ಕೆಂಪು ಕವರು, ಕೈ ಒರೆಸಲು ಕಂದು ಟವೆಲು ಇಡುತ್ತೇನೆ. ಅವರಿಗೆ ಅದೊಂದು ಅಲಂಕಾರ, ನನಗೆ ಉಪಾಯ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುವ ಕಡೆ ಬಿಳಿ ಬಟ್ಟೆಗೆ ಬ್ಲೀಚ್ ಹಾಕಿದರೆ ಇನ್ನಷ್ಟು ಹಳದಿಯಾಗುತ್ತದೆ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು, ಬಿಸಿಲು. ಟವೆಲಿಗೆ ಕಂಫರ್ಟ್ ತರಹದ ಮೆತ್ತಗಾಗಿಸುವ ದ್ರವ ಬೇಡ, ಮುಟ್ಟಲು ಹಿತವಾಗಿರುತ್ತದೆ, ನೀರು ಮಾತ್ರ ಹೀರುವುದಿಲ್ಲ.

ಹಾಸಿಗೆ ಬರಿದಾಗಿ ಗಾಳಿಯಾಡುತ್ತಿರುವಾಗಲೇ ಧೂಳಿನ ಕೆಲಸ ಮುಗಿಸಬೇಕು. ಮೇಲಿನಿಂದ ಕೆಳಕ್ಕೆ. ಹಂಚಿನ ಮನೆಯಾದರೆ ಜಂತೆಯ ಜೇಡರ ಬಲೆ, ಮರ ಕೊರೆಯುವ ಹುಳ ಉದುರಿಸಿದ ಹಿಟ್ಟು, ಹಲ್ಲಿಯ ಹಿಕ್ಕೆ, ಇವು ದಿನಾ ಬೀಳುವಂಥವು. ಹೊಸ ಶೀಟು ಹಾಸಿದ ಮೇಲೆ ಮೇಲೆ ನೋಡಿ ಬಲೆ ತೆಗೆಯಲು ಹೋದರೆ ಎಲ್ಲ ಮತ್ತೆ ಮೊದಲಿನಿಂದ. ಸ್ವಿಚ್ಚು, ಬಾಗಿಲ ಹಿಡಿ, ಟಿವಿ ರಿಮೋಟು, ಎಲ್ಲರ ಕೈ ತಾಗುವುದು ಇವಕ್ಕೇ, ಒರೆಸುವುದನ್ನು ಎಲ್ಲರೂ ಮರೆಯುವುದೂ ಇವನ್ನೇ. ಸ್ವಿಚ್ಚಿಗೆ ನೀರು ಚಿಮುಕಿಸಬೇಡಿ, ಹಿಂಡಿದ ಬಟ್ಟೆಯಿಂದ ಒರೆಸಿ. ಕನ್ನಡಿಗೆ ಅಂಟಿಸಿ ಹೋದ ಸ್ಟಿಕ್ಕರ್ ಬಿಂದಿಯ ಅಂಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಎಷ್ಟು ಬಿಂದಿ ತೆಗೆದಿದ್ದೇನೋ, ಲೆಕ್ಕವಿಟ್ಟಿದ್ದರೆ ಒಂದು ಡಬ್ಬಿ ತುಂಬುತ್ತಿತ್ತು.

ಕೆಟಲಿನ ಮುಚ್ಚಳ ತೆಗೆದು ಮೂಸಿ ನೋಡಲೇಬೇಕು. ಅದರಲ್ಲಿ ನೀರು ಮಾತ್ರ ಕಾಯುತ್ತದೆ ಅಂದುಕೊಂಡಿದ್ದೀರಾ? ಮ್ಯಾಗಿ ಬೇಯುತ್ತದೆ, ಮೊಟ್ಟೆ ಬೇಯುತ್ತದೆ, ಮಗುವಿನ ಹಾಲೂ ಉಕ್ಕುತ್ತದೆ. ಅರ್ಧ ಕೆಟಲ್ ನೀರಿಗೆ ಒಂದು ನಿಂಬೆಹಣ್ಣು ಹಿಂಡಿ ಕುದಿಸಿ, ಹತ್ತು ನಿಮಿಷ ಬಿಟ್ಟು ಚೆಲ್ಲಿ, ಬರೀ ನೀರನ್ನು ಇನ್ನೊಮ್ಮೆ ಕುದಿಸಿ. ಒಳಗೆ ಕಟ್ಟಿದ ಬಿಳಿ ಪದರವೂ ಹೋಗುತ್ತದೆ.

ಬಚ್ಚಲಿಗೆ ಮತ್ತೆ ಬನ್ನಿ, ಕಮೋಡು ಈಗ ಸುಲಭವಾಗಿ ಶುಚಿಯಾಗುತ್ತದೆ. ಜಾಲರಿ ಎತ್ತಿ ಕೂದಲಿನ ಉಂಡೆ ತೆಗೆಯಿರಿ. ಅಸಹ್ಯವೇ, ಆದರೆ ಬಚ್ಚಲು ನಾರುವುದಕ್ಕೆ ಮುಕ್ಕಾಲು ಪಾಲು ಕಾರಣ ಅದೇ. ಬಕೆಟಿನ ಹೊರಗಡೆ, ಮಗ್ಗಿನ ಹಿಡಿಯ ಒಳಗಡೆ ಲೋಳೆ ಕಟ್ಟಿರುತ್ತದೆ, ಬೆರಳಾಡಿಸಿ ನೋಡಿ. ಕಮೋಡಿಗೆ ಬಳಸಿದ ಬಟ್ಟೆ ಬೇರೆ ಯಾವುದಕ್ಕೂ ಹೋಗಕೂಡದು. ನನ್ನ ಹತ್ತಿರ ಅದಕ್ಕೆಂದೇ ಹಳೇ ಕೆಂಪು ಲಂಗದ ತುಂಡುಗಳಿವೆ, ಉಳಿದದ್ದಕ್ಕೆಲ್ಲ ಯಜಮಾನರ ಹಳೇ ಬಿಳಿ ಪಂಚೆ. ಬಣ್ಣ ನೋಡಿದರೆ ಯಾರಿಗೂ ತಪ್ಪುವುದಿಲ್ಲ. ಕೊನೆಗೆ ನಲ್ಲಿಯನ್ನು ಒಣಬಟ್ಟೆಯಿಂದ ಉಜ್ಜಿ. ಹೊಳೆಯುವ ನಲ್ಲಿ ಇದ್ದರೆ ಇಡೀ ಬಚ್ಚಲೇ ಹೊಸದಾಗಿ ಕಾಣುತ್ತದೆ, ಸಣ್ಣ ಮೋಸ ಅನ್ನಿ.

ನೆಲ ಕೊನೆಗೆ, ಒಳಮೂಲೆಯಿಂದ ಬಾಗಿಲಿನತ್ತ ಹಿಮ್ಮುಖವಾಗಿ ಬರುತ್ತಾ. ನಮ್ಮದು ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿನದೇ ಮೈ. ಆ್ಯಸಿಡ್ ಬಿದ್ದರೆ ಅದು ತಿಂದು ಹೋಗಿ ಬೆಳ್ಳಗೆ ಮಚ್ಚೆ ಉಳಿಯುತ್ತದೆ, ಹಾಗಾಗಿ ಬಚ್ಚಲಿನ ಬಾಟಲಿಯನ್ನು ಕೋಣೆಗೆ ತರಲೇಬೇಡಿ. ಕೊಬ್ಬರಿ ಎಣ್ಣೆ ಸವರಿದರೆ ಕನ್ನಡಿಯಂತಾಗುವುದು ನಿಜ, ಆದರೆ ಅದನ್ನು ಕೋಣೆ ಖಾಲಿಯಿರುವ ವಾರದಲ್ಲಿ ಮಾಡಿ. ಬರುವ ದಿನ ಮಾಡಿ ಯಾರೋ ಜಾರಿ ಬಿದ್ದರೆ ಏನು ಗತಿ?

ಮಳೆಗಾಲದ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬಾರದು, ಪುಡಿ ಹಾರಿ ಇನ್ನೊಂದು ಗೋಡೆಗೆ ಹತ್ತುತ್ತದೆ, ನಮ್ಮ ಎದೆಗೂ ಇಳಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬಿಸಾಡಿ. ನಮ್ಮ ಹಿರಿಯರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದದ್ದು ಸುಮ್ಮನೆ ಅಲ್ಲ, ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಏಳುವುದಿಲ್ಲ. ಮಗ ಚಂದಕ್ಕೆಂದು ಒಂದು ಕೋಣೆಗೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ. ಆ ಗೋಡೆಯಲ್ಲಿ ಪ್ರತಿ ಆಗಸ್ಟಿನಲ್ಲೂ ಕಪ್ಪು ನಕ್ಷೆ ಮೂಡುತ್ತದೆ. ಸುಣ್ಣದ ಕೋಣೆ ಇವತ್ತಿಗೂ ಬೆಳ್ಳಗಿದೆ.

ಎಲ್ಲ ಮುಗಿದ ಮೇಲೆ ರೂಮ್ ಫ್ರೆಶ್‌ನರ್ ಹೊಡೆಯುವುದು ನನಗೆ ಸೇರದು. ಏನನ್ನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಶುಚಿಯಾದ ಕೋಣೆಗೆ ವಾಸನೆಯೇ ಇರಬಾರದು. ಹಾಗಾಗಿದೆಯೋ ಇಲ್ಲವೋ ಅಂತ ನನಗೆ ಹೇಗೆ ತಿಳಿಯಬೇಕು? ಅಂಗಳಕ್ಕೆ ಹೋಗಿ ಒಂದು ಲೋಟ ಕಾಫಿ ಕುಡಿದು, ಚಪ್ಪಲಿ ಬಿಟ್ಟು, ಬಂದವಳ ಹಾಗೆ ಮತ್ತೆ ಒಳಗೆ ಹೋಗುತ್ತೇನೆ. ಮಂಚದ ಅಂಚಿಗೆ ಕೂತು ಎದುರಿಗೆ, ಮೇಲಕ್ಕೆ, ಮಂಚದ ಕೆಳಗೆ ನೋಡುತ್ತೇನೆ. ಅರ್ಧ ತಪ್ಪುಗಳು ಕೂತಾಗಲೇ ಕಾಣುತ್ತವೆ.

ಎರಡು ತಿಂಗಳಿಗೊಮ್ಮೆ ಒಂದು ರಾತ್ರಿ ಅಲ್ಲೇ ಮಲಗುತ್ತೇನೆ ಕೂಡ. ಹೋದ ಸಲ ಮಲಗಿದಾಗ ತಿಳಿಯಿತು, ಪರದೆಯ ಸಂದಿಯಿಂದ ಅಂಗಳದ ಬಲ್ಬಿನ ಬೆಳಕು ಸರಿಯಾಗಿ ದಿಂಬಿನ ಮೇಲೆ ಬೀಳುತ್ತದೆ ಅಂತ. ಇಷ್ಟು ವರ್ಷ ಬಂದು ಹೋದವರಲ್ಲಿ ಒಬ್ಬರೂ ಹೇಳಿರಲಿಲ್ಲ. ಈಗ ರಾತ್ರಿ ಹತ್ತಕ್ಕೆ ಎದ್ದು ಆ ಬಲ್ಬು ಆರಿಸುವ ಕೆಲಸ ಯಜಮಾನರದು.