ಹೊಸ ಡ್ರೈವರ್ ಅಲ್ಲ, ಕೊನೆಯ ಡ್ರೈವರ್

ಲಗ್ನಪತ್ರಿಕೆಯ ಮೇಲಿನ ಗಣಪತಿಯ ಹೊಟ್ಟೆ ಮೊದಲೇ ಅಗಲ. ಆದ್ದರಿಂದ ಪರದೆಯ ಮೇಲೆ ಅದು ಇನ್ನೂ ಅಗಲವಾಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಕೆಳಗಿನ ಕಲಶ ಕುಂಬಳಕಾಯಿಯಂತೆ ಕಂಡಾಗ ಅನುಮಾನ ಬಂತು. ಹಿಂದಿನ ರಾತ್ರಿ ಅಕ್ಕನ ಮಗ ಬಂದಿದ್ದ. "ಚಿಗವ್ವ, ಆ ವಿಂಡೋಸ್ 7 ಇಟ್ಟುಕೊಂಡು ಇನ್ನೂ ಎಷ್ಟು ವರ್ಷ ಕೂಡುತ್ತೀ?" ಎಂದು ಕೇಳಿ, ನಾನು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ವಿಂಡೋಸ್ 10 ಹಾಕಿ, ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿಬಿಟ್ಟ.

ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಕಂಪ್ಯೂಟರ್ 2010ರದ್ದು: ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್, ಪರದೆಗೆ ಚಿತ್ರ ಕಳಿಸುವ ಜಿಫೋರ್ಸ್ 210 ಎಂಬ ಸಣ್ಣ ಗ್ರಾಫಿಕ್ಸ್ ಕಾರ್ಡ್. ಅಕ್ಷಯ ತೃತೀಯಾಕ್ಕೆ ಎಂಟು ದಿನ ಉಳಿದಿದ್ದವು, ಕೈಯಲ್ಲಿ ಹನ್ನೊಂದು ಲಗ್ನಗಳ ಪತ್ರಿಕೆಗಳಿದ್ದವು. ಅದರಲ್ಲಿ ಎರಡು ದಿನವನ್ನು ಈ ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನೂ ವಿಂಡೋಸನ್ನೂ ಮಾತಾಡಿಸುವ ಸಾಫ್ಟ್‌ವೇರ್, ತಿಂದುಹಾಕಿತು. ನಿಮಗೆ ಅರ್ಧ ದಿನದಲ್ಲಿ ಮುಗಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಳ್ಳಿ. ವಿಂಡೋಸ್ ಕೀಲಿಯ ಜೊತೆ ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇದೆ. ಅದರಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆಯಿರಿ. ನಿಮ್ಮ ಕಾರ್ಡಿನ ಹೆಸರಿನ ಬದಲು 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಡ್ರೈವರ್ ಇಲ್ಲ ಎಂದೇ ಅರ್ಥ. ವಿಂಡೋಸ್ 7ರಲ್ಲಿ ಅದೇ ಜಾಗದಲ್ಲಿ 'ಸ್ಟ್ಯಾಂಡರ್ಡ್ ವಿಜಿಎ' ಎಂದು ಬರುತ್ತದೆ. ಇದು ಕೇವಲ ಚಿತ್ರ ಕಾಣಿಸುವಷ್ಟು ಕೆಲಸ ಮಾಡುವ ತಾತ್ಕಾಲಿಕ ವ್ಯವಸ್ಥೆ. ಮಾನಿಟರಿನ ನಿಜವಾದ ಅಳತೆ ಅದಕ್ಕೆ ಹಲವು ಬಾರಿ ಸಿಗುವುದಿಲ್ಲ. ನನ್ನ ಮಾನಿಟರ್ 1366×768, ಅದು ಕೊಡುತ್ತಿದ್ದದ್ದು 1024×768. ಕಲಶ ಕುಂಬಳಕಾಯಿಯಾಗಲು ಇಷ್ಟು ಸಾಕು.

ಇಂಟರ್ನೆಟ್ ಜೋಡಿಸಿ ಒಂದು ಗಂಟೆ ಸುಮ್ಮನೆ ಬಿಟ್ಟು ನೋಡಿ. ವಿಂಡೋಸ್ ಅಪ್‌ಡೇಟ್‌ನಲ್ಲಿಯೇ ಎಷ್ಟೋ ಹಳೆಯ ಕಾರ್ಡ್‌ಗಳ ಡ್ರೈವರ್ ಇರುತ್ತದೆ, ತಾನಾಗಿಯೇ ಬಂದು ಕೂರುತ್ತದೆ. ನನಗೆ ಆ ತಾಳ್ಮೆ ಇರಲಿಲ್ಲ. ಹೆಸರು ಹುಡುಕಿ, ಎಲ್ಲಕ್ಕಿಂತ ಮೇಲಿದ್ದ ಹೊಚ್ಚಹೊಸ ಡ್ರೈವರನ್ನು ಮೊಬೈಲ್ ಡೇಟಾ ಸುರಿದು ಇಳಿಸಿಕೊಂಡೆ. ಈ ಡ್ರೈವರ್‌ಗೆ ಹೊಂದುವ ಗ್ರಾಫಿಕ್ಸ್ ಹಾರ್ಡ್‌ವೇರ್ ಸಿಗಲಿಲ್ಲ ಎಂದು ಅದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿತು. ಕಾರ್ಡ್ ಸತ್ತಿದೆ ಎಂದು ನಾನು ಅತ್ತದ್ದೊಂದು ಬಾಕಿ.

ಕಾರ್ಡ್ ಸತ್ತಿರಲಿಲ್ಲ. ಪ್ರತಿ ಡ್ರೈವರಿನೊಳಗೂ ಅದು ಯಾವ ಯಾವ ಚಿಪ್‌ಗೆ ಸಲ್ಲುತ್ತದೆ ಎಂಬ ಪಟ್ಟಿ ಇರುತ್ತದೆ, ಪಡಿತರ ಅಂಗಡಿಯಲ್ಲಿರುವಂತೆ. ಹೊಸ ಪಟ್ಟಿಯಿಂದ ಹಳೆಯವರ ಹೆಸರನ್ನು ತೆಗೆದುಹಾಕುತ್ತಾರೆ. ಹೆಸರಿಲ್ಲದವನು ಸರತಿಯಲ್ಲಿ ಎಷ್ಟು ಹೊತ್ತು ನಿಂತರೂ ಅಕ್ಕಿ ಸಿಗುವುದಿಲ್ಲ. ಆದ್ದರಿಂದ ಹಳೆಯ ಕಾರ್ಡಿಗೆ ಬೇಕಾದದ್ದು ಹೊಸ ಡ್ರೈವರ್ ಅಲ್ಲ, ಅದರ ಹೆಸರು ಇದ್ದ ಕೊನೆಯ ಪಟ್ಟಿ.

ಅದಕ್ಕೆ ಹೆಸರು ಸರಿಯಾಗಿ ತಿಳಿಯಬೇಕು. ಡಬ್ಬದ ಮೇಲಿನ ಚಿತ್ರವನ್ನೂ ಅಂಗಡಿಯವನ ಮಾತನ್ನೂ ನಂಬಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅಲ್ಲಿ ಡೀಟೇಲ್ಸ್, ಅದರೊಳಗೆ ಹಾರ್ಡ್‌ವೇರ್ ಐಡೀಸ್ ಆರಿಸಿಕೊಳ್ಳಿ. ಉದ್ದನೆಯ ಗೊಂದಲದ ಸಾಲೊಂದು ಬರುತ್ತದೆ. ನಿಮಗೆ ಬೇಕಾದದ್ದು ಎರಡೇ. ವಿಇಎನ್ ಎಂಬುದರ ಮುಂದಿನ ನಾಲ್ಕು ಗುರುತು ತಯಾರಕರದ್ದು: 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಮ್‌ಡಿ, 8086 ಇದ್ದರೆ ಇಂಟೆಲ್. ಡಿಇವಿ ಮುಂದಿನ ನಾಲ್ಕು ಗುರುತು ಚಿಪ್‌ನದ್ದು. ನನ್ನದು 0ಎ65, ಅಂದರೆ ಜಿಫೋರ್ಸ್ 210. ಜಿಟಿ 610 ಆದರೆ 104ಎ, ಜಿಟಿ 710 ಆದರೆ 128ಬಿ ಎಂದು ಸಾಮಾನ್ಯವಾಗಿ ಕಾಣುತ್ತದೆ. ಎಂಟೂ ಗುರುತುಗಳನ್ನು ಹಾಗೆಯೇ ಹುಡುಕಾಟಕ್ಕೆ ಹಾಕಿದರೆ ಕಾರ್ಡಿನ ನಿಜನಾಮ ಹೊರಬೀಳುತ್ತದೆ.

ಜೊತೆಗೆ ನಿಮ್ಮ ವಿಂಡೋಸ್ 32 ಬಿಟ್‌ನದ್ದೋ 64 ಬಿಟ್‌ನದ್ದೋ ನೋಡಿಕೊಳ್ಳಿ, ಎರಡಕ್ಕೂ ಡ್ರೈವರ್ ಬೇರೆ ಬೇರೆ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ಬರೆದಿರುತ್ತದೆ. ಪ್ರೊಸೆಸರ್ 64 ಬಿಟ್ ಆಗಿದ್ದರೂ ಒಳಗೆ ಹಾಕಿದ ವಿಂಡೋಸ್ 32 ಬಿಟ್ ಇರಬಹುದು, ಹಳೆಯ ಯಂತ್ರಗಳಲ್ಲಿ ಅದು ಮಾಮೂಲು.

ಇನ್ನು ಕೊನೆಯ ಪಟ್ಟಿಗಳು. ಜಿಫೋರ್ಸ್ 210 ಮತ್ತು ಅದರ ಓರಗೆಯ 8000, 9000, 200 ಸಾಲಿನ ಕಾರ್ಡ್‌ಗಳಿಗೆ 342.01, ಇದು 2016ರ ಡಿಸೆಂಬರ್‌ನದ್ದು. 400 ಮತ್ತು 500 ಸಾಲಿಗೆ, ಜೊತೆಗೆ ಹೆಸರಿನಲ್ಲಿ 600 ಸಾಲಿಗೆ ಸೇರಿ ಒಳಗೆ ಹಳೆಯ ಚಿಪ್ ಇಟ್ಟುಕೊಂಡಿರುವ ಜಿಟಿ 610ಕ್ಕೆ, 2018ರ ಮಾರ್ಚ್‌ನ 391.35. 32 ಬಿಟ್ ವಿಂಡೋಸ್‌ಗೂ ಎನ್‌ವಿಡಿಯಾ ಡ್ರೈವರ್ ಅಲ್ಲಿಗೇ ನಿಂತಿತು. ಹಾಗಾಗಿ ಜಿಟಿ 710 ಇದ್ದರೂ ವಿಂಡೋಸ್ 32 ಬಿಟ್ ಆಗಿದ್ದರೆ 391.35ಕ್ಕಿಂತ ಮುಂದೆ ಹೋಗಲಾಗುವುದಿಲ್ಲ. 64 ಬಿಟ್ ಇದ್ದರೆ ಜಿಟಿ 710ಕ್ಕೆ 470ರ ಸಾಲಿನವು ಸಿಗುತ್ತವೆ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ತಲೆಮಾರಿನ ಚಿಪ್‌ಗಳು ಮಾರಾಟವಾಗಿವೆ, ಅದಕ್ಕೇ ಐಡಿ ನೋಡಿ ಎಂದು ಇಷ್ಟು ಹೇಳಿದ್ದು. ಎಎಮ್‌ಡಿಯ ರೇಡಿಯಾನ್ ಎಚ್‌ಡಿ 5000, 6000 ಸಾಲಿನವರು 2015ರ ಜುಲೈನ ಕ್ಯಾಟಲಿಸ್ಟ್ 15.7.1 ಹುಡುಕಿರಿ. ಎಲ್ಲವನ್ನೂ ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಒಂದೇ ಗುಂಡಿಗೆ ಎಲ್ಲಾ ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ನಾನು ಮನೆಗೆ ಸೇರಿಸುವುದಿಲ್ಲ. ಒಮ್ಮೆ ಸೇರಿಸಿ ಮೂರು ಜಾಹೀರಾತು ಪ್ರೋಗ್ರಾಮುಗಳನ್ನು ಹೊರಗೆ ಹಾಕಿದ ಅನುಭವ ಇದೆ.

ತಾಣವೇ ತೆರೆಯದೆ 'ಸುರಕ್ಷಿತವಲ್ಲ' ಎಂದು ಬ್ರೌಸರ್ ಅಡ್ಡ ಬಂದರೆ ಮೂಲೆಯಲ್ಲಿರುವ ದಿನಾಂಕ ನೋಡಿ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ನನ್ನ ಕಂಪ್ಯೂಟರ್ 2009ರ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸೆಲ್ ಇದೆಯಲ್ಲ, ಸಿಆರ್ 2032, ಅದು ತೀರಿರುತ್ತದೆ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲದ ಕಾಲದಲ್ಲಿ ನಿಮ್ಮ ಯಂತ್ರ ಬದುಕುತ್ತಿದ್ದರೆ ಅದು ಯಾರನ್ನು ನಂಬೀತು?

ಹಾಕುವ ಮೊದಲು ಹಳೆಯದನ್ನು ಗುಡಿಸಬೇಕು. ಅರ್ಧ ಕೂತ ಡ್ರೈವರ್ ಮೇಲೆ ಇನ್ನೊಂದನ್ನು ಹೇರಿದರೆ ಎರಡೂ ಕೆಡುತ್ತವೆ. ಇದಕ್ಕೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಪ್ರೋಗ್ರಾಂ ಇದೆ, ಚುಟುಕಾಗಿ ಡಿಡಿಯು. ಮೊದಲು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ, ಏನಾದರೂ ಕೆಟ್ಟರೆ ಈಗಿನ ಸ್ಥಿತಿಗೆ ಮರಳಲು. ಇಂಟರ್ನೆಟ್ ತೆಗೆಯಿರಿ, ಇಲ್ಲದಿದ್ದರೆ ನೀವು ಗುಡಿಸುತ್ತಿರುವಾಗಲೇ ವಿಂಡೋಸ್ ತನ್ನ ಆಯ್ಕೆಯ ಡ್ರೈವರನ್ನು ಹಿತ್ತಲ ಬಾಗಿಲಿನಿಂದ ತರುತ್ತದೆ. ಶಿಫ್ಟ್ ಕೀಲಿ ಹಿಡಿದು ರೀಸ್ಟಾರ್ಟ್ ಒತ್ತಿದರೆ ನೀಲಿ ಪರದೆಯ ಪಟ್ಟಿ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4. ಇದು ಸೇಫ್ ಮೋಡ್, ಅಂದರೆ ತೀರಾ ಅಗತ್ಯದ್ದನ್ನಷ್ಟೇ ಹಿಡಿದು ವಿಂಡೋಸ್ ಏಳುವ ಸ್ಥಿತಿ. ಅಲ್ಲಿ ಡಿಡಿಯು ನಡೆಸಿ, ಗುಡಿಸಿ ಮತ್ತೆ ಶುರುಮಾಡುವ ಗುಂಡಿ ಒತ್ತಿ. ಈಗ ಇಳಿಸಿಟ್ಟುಕೊಂಡ ಡ್ರೈವರ್ ತೆರೆದು, ಎಕ್ಸ್‌ಪ್ರೆಸ್ ಬಿಟ್ಟು ಕಸ್ಟಮ್ ಆರಿಸಿ, 'ಕ್ಲೀನ್ ಇನ್‌ಸ್ಟಾಲೇಶನ್' ಚೌಕಕ್ಕೆ ಟಿಕ್ ಹಾಕಿ ಮುಂದುವರಿಯಿರಿ. ತ್ರೀಡಿ ವಿಷನ್‌ನಂಥ ಬಾಲಂಗೋಚಿಗಳ ಟಿಕ್ ತೆಗೆದುಬಿಡಿ, ನಮಗೆ ಅದರಿಂದ ಏನೂ ಆಗಬೇಕಿಲ್ಲ.

ನಡುವೆ ಪರದೆ ಪೂರ್ತಿ ಕಪ್ಪಾಗುತ್ತದೆ. ಕೆಲವು ಕ್ಷಣಗಳಿರಬಹುದು, ಹಳೆಯ ಯಂತ್ರದಲ್ಲಿ ಇನ್ನೂ ಹೆಚ್ಚಿರಬಹುದು. ಮುಟ್ಟಬೇಡಿ. ನನ್ನ ಎರಡನೆಯ ದಿನ ಹಾಳಾದದ್ದು ಇಲ್ಲಿಯೇ. ಕಪ್ಪು ಕಂಡೊಡನೆ ಗಾಬರಿಯಾಗಿ ಪವರ್ ಗುಂಡಿಯನ್ನು ಒತ್ತಿ ಹಿಡಿದೆ. ಮತ್ತೆ ಗುಡಿಸುವುದರಿಂದ ಆರಂಭ. ಹೋಗಿ ಚಹಾ ಇಟ್ಟು ಬನ್ನಿ. ಯುಪಿಎಸ್ ಇಲ್ಲದವರು ಕರೆಂಟ್ ತೆಗೆಯುವ ಹೊತ್ತನ್ನು ತಪ್ಪಿಸಿ ಕೂರುವುದು ಜಾಣತನ.

ಇನ್‌ಸ್ಟಾಲರ್ 'ವಿಫಲ' ಎಂದು ಹೇಳಿದರೂ ಒಂದು ಹಿತ್ತಲ ಬಾಗಿಲು ನಮಗೂ ಇದೆ. ಎನ್‌ವಿಡಿಯಾ ಇನ್‌ಸ್ಟಾಲರ್ ಮೊದಲು ತನ್ನ ಗಂಟನ್ನು ಸಿ ಡ್ರೈವ್‌ನ ಎನ್‌ವಿಡಿಯಾ ಫೋಲ್ಡರಿನಲ್ಲಿ ಬಿಚ್ಚಿಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಸಾಲಿಗೆ ಹೋಗಿ ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲೇ ಹುಡುಕುವ ಆಯ್ಕೆ ಹಿಡಿದು ಆ ಫೋಲ್ಡರನ್ನು ತೋರಿಸಿ. ಒಳಫೋಲ್ಡರುಗಳನ್ನೂ ನೋಡುವ ಚೌಕಕ್ಕೆ ಟಿಕ್ ಇರಲಿ. ನನ್ನದು ಕೂತದ್ದು ಹೀಗೆಯೇ, ಇನ್‌ಸ್ಟಾಲರ್ ಮುನಿಸಿಕೊಂಡು ಕೂತಿದ್ದಾಗ.

ಕೂತದ್ದು ಸರಿಯಾದದ್ದೇ ಎಂದು ತಿಳಿಯುವುದು ಹೇಗೆ? ಅದೇ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಆವೃತ್ತಿ 21.21.13.4201 ಎಂದು ವಿಚಿತ್ರವಾಗಿ ಕಾಣುತ್ತದೆ. ಚುಕ್ಕೆ ಮರೆತು ಕೊನೆಯ ಐದು ಅಂಕಿ ಓದಿ: 34201, ಅಂದರೆ 342.01.

ಹಳದಿ ತ್ರಿಕೋನ ಇನ್ನೂ ಉಳಿದಿದ್ದರೆ ಅದರ ಕೋಡ್ ಓದಿ. 28 ಎಂದರೆ ಡ್ರೈವರ್ ಕೂತೇ ಇಲ್ಲ. 52 ಎಂದರೆ ಡ್ರೈವರಿನ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ವಿಂಡೋಸ್ 7ರಲ್ಲೇ ಉಳಿದವರು 2019ರಲ್ಲಿ ಬಂದ ಎಸ್‌ಎಚ್‌ಎ-2 ಸಹಿಯ ಅಪ್‌ಡೇಟ್ ಹಾಕಿಕೊಂಡಿಲ್ಲದಿದ್ದರೆ ಹೀಗಾಗಬಹುದು. 43 ಬಂದರೆ ಕಾರ್ಡನ್ನೇ ಪರೀಕ್ಷಿಸುವ ಕಾಲ.

ಆಗ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಸ್ಲಾಟಿನ ತುದಿಯ ಕೊಕ್ಕೆ ಸರಿಸಿ ಕಾರ್ಡ್ ಎತ್ತಿ. ಎರೆಮಣ್ಣಿನ ನಾಡಿನಲ್ಲಿ ಹದಿನೈದು ವರ್ಷ ಇದ್ದ ಕಾರ್ಡ್ ಹಿಟ್ಟಿನ ಗಿರಣಿಯಿಂದ ತಂದಂತೆ ಇರುತ್ತದೆ. ಫ್ಯಾನಿನ ಎಲೆಯನ್ನು ಬೆರಳಿನಿಂದ ತಡೆದು ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಚೂರು ಒರೆಸಿ, 'ಟಕ್' ಎನ್ನುವ ತನಕ ಒತ್ತಿ ಕೂರಿಸಿ. ಮಾನಿಟರಿನ ವೈರನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಹಾಕಿ. ನಗಬೇಡಿ, ಕೇಳಲು ಬಂದವರಲ್ಲಿ ಇಬ್ಬರ ಮನೆಯಲ್ಲಿ ರೋಗ ಇಷ್ಟೇ ಆಗಿತ್ತು. 210ರಂಥ ಕಾರ್ಡ್ ಸುಮಾರು 30 ವ್ಯಾಟ್ ತಿನ್ನುತ್ತದೆ, ಸ್ಲಾಟ್ 75ರ ವರೆಗೆ ಕೊಡಬಲ್ಲದು. ಆದ್ದರಿಂದ ಎಸ್‌ಎಂಪಿಎಸ್ ಎಂಬ ಕರೆಂಟ್ ಪೆಟ್ಟಿಗೆ ಬದಲಿಸಿ ಎಂದು ಯಾರಾದರೂ ಮೊದಲ ಮಾತಿಗೇ ಹೇಳಿದರೆ ಸ್ವಲ್ಪ ತಡೆಯಿರಿ.

ಗುಳೇದಗುಡ್ಡದ ಪರಿಚಯದ ಹುಡುಗನೊಬ್ಬ ತಂದ ಕಾರ್ಡ್ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಡಬ್ಬದ ಮೇಲೆ ಜಿಟಿಎಕ್ಸ್ 1050 ಟಿಐ, 4 ಜಿಬಿ. ಅಗ್ಗಕ್ಕೆ ಸಿಕ್ಕಿತ್ತಂತೆ. ಹೊಸ ಡ್ರೈವರ್ ಹಾಕಿದರೆ ಕೋಡ್ 43. ಜಿಪಿಯು-ಝಡ್ ಎಂಬ ಸಣ್ಣ ಪ್ರೋಗ್ರಾಂ ತೆರೆದಾಗ ಹೆಸರಿನ ಆರಂಭದಲ್ಲೇ 'ಫೇಕ್' ಎಂದು ತೋರಿಸಿತು. ಹಳೆಯ ಚಿಪ್‌ನ ಬಯೋಸ್, ಅಂದರೆ ಕಾರ್ಡಿನೊಳಗೇ ಇರುವ ಮೂಲ ಪ್ರೋಗ್ರಾಂ, ತಿದ್ದಿ ಹೊಸ ಹೆಸರು ಬರೆಯುತ್ತಾರೆ. ಖಣದ ಹೆಸರಿನಲ್ಲಿ ಮಿಲ್ಲಿನ ಬಟ್ಟೆ ಮಾರಿದಂತೆ. ನೇಕಾರರ ಮನೆಯ ಹುಡುಗನಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಲಿಲ್ಲ.

ಏನೇ ಮಾಡಿದರೂ ಕೂರದಿದ್ದರೆ ಕಾರ್ಡ್ ತೆಗೆದು ಮದರ್‌ಬೋರ್ಡಿನ ಗ್ರಾಫಿಕ್ಸ್‌ನಲ್ಲೇ ನಡೆಸಿ ನೋಡಿ, ಪತ್ರ ಬರೆಯಲು ಅದು ಸಾಕು. ವಿಂಡೋಸ್ ಬದಲು ಲಿನಕ್ಸ್ ಬಳಸುವ ಮನಸ್ಸಿದ್ದರೆ ಅದರೊಳಗೆ ನೂವೋ ಎಂಬ ಡ್ರೈವರ್ ಮೊದಲೇ ಇರುತ್ತದೆ, ಹಳೆಯ ಎನ್‌ವಿಡಿಯಾ ಕಾರ್ಡನ್ನು ತಾನೇ ಗುರುತಿಸುತ್ತದೆ. ಕನ್ನಡ ಟೈಪ್ ಮಾಡುವ ನನ್ನ ನುಡಿ ಮತ್ತು ಪುಟ ಜೋಡಿಸುವ ಪೇಜ್‌ಮೇಕರ್ ವಿಂಡೋಸಿಗೇ ಅಂಟಿಕೊಂಡಿರುವುದರಿಂದ ನಾನು ಹೋಗಲಿಲ್ಲ. ಅಂದಹಾಗೆ, ಅಕ್ಕನ ಮಗ ಅಷ್ಟು ಹೆಮ್ಮೆಯಿಂದ ಹಾಕಿಕೊಟ್ಟ ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ರಂದು ನಿವೃತ್ತಿಯಾಯಿತು. ಫೋನಿನಲ್ಲಿ ಅವನಿಗೆ ಇದನ್ನು ಆಗಾಗ ನೆನಪಿಸುತ್ತೇನೆ.

ಡ್ರೈವರ್ ಕೂತ ದಿನವೇ ಅದರ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿದೆ. ಲಗ್ನಪತ್ರಿಕೆಗೆ ತಂದ ಸ್ಟಿಕ್ಕರ್ ಹಾಳೆಯ ಒಂದು ತುಂಡಿನ ಮೇಲೆ "0ಎ65, 342.01, 64 ಬಿಟ್" ಎಂದು ಮಾರ್ಕರಿನಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ್ದೇನೆ. ಹನ್ನೊಂದೂ ಪತ್ರಿಕೆಗಳು ಅಕ್ಷಯ ತೃತೀಯಾಕ್ಕೆ ಎರಡು ದಿನ ಮೊದಲು ಹೋದವು, ಕಲಶ ದುಂಡಗೇ ಇತ್ತು.